ಬಿ ಸೈಡಿನಲ್ಲಿ ಹಾಡಿದ್ದು ಯಾರು?

ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ನನಗೆ ಸಿಕ್ಕಿದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ, ಸೀನಿಯರ್ ಒಬ್ಬರು ತುಂಬಿಸಿ ಕೊಟ್ಟ 90 ನಿಮಿಷದ ಕ್ಯಾಸೆಟ್ಟಿನಲ್ಲಿ. ಎ ಸೈಡಿಗೆ ‘ಮಷೀನ್ ಹೆಡ್’ ಆಲ್ಬಮ್, ಬಿ ಸೈಡಿಗೆ ‘ಬರ್ನ್’ ಆಲ್ಬಮ್. ಮೇಲೆ ಬಾಲ್ ಪೆನ್ನಿನಲ್ಲಿ ‘ಡಿ.ಪಿ.’ ಅಂತ ಗೀಚಿದ್ದು ಬಿಟ್ಟರೆ ಹಾಡಿದವರ ಹೆಸರು ಗಿಸರು ಏನೂ ಇಲ್ಲ.

ಎ ಸೈಡ್ ಒಂದೇ ವಾರದಲ್ಲಿ ಬಾಯಿಪಾಠವಾಯಿತು. ಬಿ ಸೈಡ್ ಹಾಕಿದರೆ ದನಿಯೇ ಬೇರೆ! ದಪ್ಪ ದನಿ, ಮಧ್ಯೆ ಮಧ್ಯೆ ಇನ್ನೊಂದು ದನಿ ತಾರಕಕ್ಕೆ ಏರುತ್ತದೆ. ಪಾಪ, ಹಾಡುವವನಿಗೆ ಶೀತ ಆಗಿರಬೇಕು ಅಂದುಕೊಂಡೆ. ನನ್ನ ರೂಮ್‌ಮೇಟ್ ಇನ್ನೂ ಬುದ್ಧಿವಂತ, ಟೇಪ್ ರೆಕಾರ್ಡರಿನ ಹೆಡ್ ಕೊಳೆಯಾಗಿದೆ ಅಂತ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿಬಿಟ್ಟ. ದನಿ ಬದಲಾಗಲಿಲ್ಲ.

ಒಂದು ಭಾನುವಾರ ಮೆಸ್ಸಿನಲ್ಲಿ ಸೀನಿಯರನ್ನೇ ಕೇಳಿದೆ. ಅವರು ಇಡ್ಲಿ ಬಿಟ್ಟು ನಕ್ಕರು. ‘ಲೋ, ಅದು ಒಬ್ಬನಲ್ಲ ಕಣೋ, ಮೂರು ಜನ!’ ಅಂದವರೇ ಮೆಸ್ ಬಿಲ್ಲಿನ ಹಿಂದೆ ಗೆರೆ ಎಳೆಯಲು ಶುರು ಮಾಡಿದರು. ಎ ಸೈಡ್ 1972ರದ್ದು, ಹಾಡಿದ್ದು ಇಯಾನ್ ಗಿಲ್ಲನ್. 1973ರಲ್ಲಿ ಗಿಲ್ಲನ್ ಹೋದ, ಬಾಸ್ ಗಿಟಾರ್ ನುಡಿಸುತ್ತಿದ್ದ ರೋಜರ್ ಗ್ಲೋವರ್ ಕೂಡ ಹೋದ. ಅವರ ಜಾಗಕ್ಕೆ ಬಂದವರು ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಕವರ್‌ಡೇಲ್‌ನದು ದಪ್ಪ ದನಿ, ಬಾಸ್ ನುಡಿಸುತ್ತಲೇ ಮೇಲೆ ಮೇಲೆ ಏರುವವನು ಹ್ಯೂಸ್. 1974ರ ‘ಬರ್ನ್’ ಇವರಿಬ್ಬರದ್ದು.

ಅಲ್ಲಿಗೂ ಮುಗಿಯಲಿಲ್ಲ. ಗಿಲ್ಲನ್‌ಗಿಂತ ಮೊದಲೇ ರಾಡ್ ಇವಾನ್ಸ್ ಅನ್ನುವವನೊಬ್ಬನಿದ್ದ. 1975ರಲ್ಲಿ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಕೂಡ ಬಿಟ್ಟು ಹೋದ, ಟಾಮಿ ಬೋಲಿನ್ ಬಂದ. 1976ರಲ್ಲಿ ಬ್ಯಾಂಡೇ ಒಡೆಯಿತು. 1984ರಲ್ಲಿ ಹಳಬರು ಮತ್ತೆ ಸೇರಿದರು, ಮತ್ತೆ ಜಗಳ, ಗಿಲ್ಲನ್ ಮತ್ತೆ ಹೊರಗೆ, 1992ರಲ್ಲಿ ಮತ್ತೆ ಒಳಗೆ, ಮರುವರ್ಷ ಬ್ಲ್ಯಾಕ್‌ಮೋರ್ ಟೂರಿನ ಮಧ್ಯದಲ್ಲೇ ಹೊರಗೆ. ಬಿಲ್ಲಿನ ತುಂಬಾ ಬಾಣದ ಗುರುತು. ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಇಳಿದ ಗೆರೆ ಎರಡೇ, ಡ್ರಮ್ಮಿನ ಇಯಾನ್ ಪೇಸ್‌ನದು ಮತ್ತು ಆರ್ಗನ್ನಿನ ಜಾನ್ ಲಾರ್ಡ್‌ನದು.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ವಿಷಯ. 1968ರಲ್ಲಿ ಈ ಹೆಸರು ಬರುವ ಮುಂಚೆ ಬ್ಯಾಂಡಿಗೆ ‘ರೌಂಡ್‌ಅಬೌಟ್’ ಅಂತ ಹೆಸರಿತ್ತಂತೆ. ಜಾತ್ರೆಯಲ್ಲಿ ತಿರುಗುವ ಕುದುರೆಗಳ ಹಾಗೆ ಬೇಕಾದವರು ಹತ್ತಲಿ, ಸಾಕಾದವರು ಇಳಿಯಲಿ ಅನ್ನುವುದು ಕ್ರಿಸ್ ಕರ್ಟಿಸ್ ಎಂಬುವವನ ಯೋಚನೆ. ಅವನೇ ಎಲ್ಲರಿಗಿಂತ ಮೊದಲು ಇಳಿದು ಹೋದ. ಹೆಸರು ಬದಲಾದರೂ ಬುದ್ಧಿ ಬದಲಾಗಲಿಲ್ಲ ನೋಡಿ! ಇನ್ನೊಂದು ತಮಾಷೆ, 1980ರಲ್ಲಿ ಆ ರಾಡ್ ಇವಾನ್ಸ್ ಬೇರೆ ಯಾರನ್ನೋ ಕಟ್ಟಿಕೊಂಡು ‘ಡೀಪ್ ಪರ್ಪಲ್’ ಅಂತ ಅಮೆರಿಕದಲ್ಲಿ ಶೋ ಕೊಟ್ಟು ಕೋರ್ಟಿನಲ್ಲಿ ಸೋತ.

2001ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಸೀನಿಯರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನ್ನದು ಒಂದೇ ಆಸೆ: ‘ಬರ್ನ್’ ಹಾಡು ನುಡಿಸುತ್ತಾರೆ ಅಲ್ವಾ? ಅವರು ಮೆಲ್ಲಗೆ ಹೇಳಿದರು, ‘ನುಡಿಸಲ್ಲ ಕಣೋ. ಕವರ್‌ಡೇಲ್ ಕಾಲದ ಹಾಡನ್ನ ಗಿಲ್ಲನ್ ಹಾಡಲ್ಲ.’ ಸ್ವಲ್ಪ ಬೇಜಾರಾಯಿತು. ನನ್ನ ಪಾಲಿಗೆ ಒಂದೇ ಆಗಿದ್ದ ಕ್ಯಾಸೆಟ್ಟು ಅವರಿಗೆ ಎರಡು ಮನೆ.

ಆದರೆ ಸ್ಟೇಜಿನ ಒಂದು ಬದಿಗೆ, ಎರಡೂ ಸೈಡಿನಲ್ಲಿ ಆರ್ಗನ್ ನುಡಿಸಿದ್ದ ಜಾನ್ ಲಾರ್ಡ್ ಬಿಳಿ ಕೂದಲು ಕಟ್ಟಿಕೊಂಡು ನಿಂತಿದ್ದರು. ಎ ಸೈಡಿನ ‘ಸ್ಮೋಕ್ ಆನ್ ದ ವಾಟರ್’ ಬಂದಾಗ ಮೈದಾನವೆಲ್ಲ ಕಿರುಚುತ್ತಿತ್ತು, ನಾನು ಸುಮ್ನೆ ಆ ಕೈಗಳನ್ನೇ ನೋಡುತ್ತಿದ್ದೆ. ಮರುವರ್ಷ ಅವರೂ ಬ್ಯಾಂಡ್ ಬಿಟ್ಟರು. 2012ರಲ್ಲಿ ತೀರಿಕೊಂಡರು.

ಮೆಸ್ ಬಿಲ್ಲು ಈಗಲೂ ನನ್ನ ಹತ್ತಿರ ಇದೆ. ಲಾರ್ಡ್ ಜಾಗಕ್ಕೆ ‘2002 ಡಾನ್ ಏರಿ’, ಗಿಟಾರಿಗೆ ‘2022 ಸೈಮನ್ ಮೆಕ್‌ಬ್ರೈಡ್’ ಅಂತ ಆಮೇಲೆ ನಾನೇ ಸೇರಿಸಿದ್ದೇನೆ. ಕೊನೆಯ ಹೆಸರಿಗೆ ಹಿಂಬದಿಯಲ್ಲಿ ಜಾಗ ಸಾಲದೆ, ಮುಂದುಗಡೆ ಇಡ್ಲಿ ಲೆಕ್ಕದ ಪಕ್ಕ ಬರೆಯಬೇಕಾಯಿತು.