ಕೊಯ್ಲಿನ ಕಾಲಕ್ಕೆ ನಾಸಿಕ್: ಉಡುಪಿ, ಮಂಗಳೂರಿನಿಂದ ಹೊರಡುವವರಿಗೆ

ನಾಸಿಕ್‌ನ ವೈನ್ ತೋಟಗಳನ್ನು ನೋಡಬೇಕೆಂದು ಹೊರಡುವ ನಮ್ಮ ಕಡೆಯವರು ಸಾಮಾನ್ಯವಾಗಿ ಮೊದಲು ಮುಂಬೈಗೆ ಹೋಗಿ, ನೆಂಟರ ಮನೆಯಲ್ಲಿ ರಾತ್ರಿ ಕಳೆದು, ಮರುದಿನ ಕಾರು ಮಾಡಿಕೊಂಡು ಘಾಟಿ ಹತ್ತುತ್ತಾರೆ. ನೆಂಟರನ್ನು ಕಾಣುವ ಆಸೆಯಿದ್ದರೆ ಸರಿ. ಇಲ್ಲವಾದರೆ ಈ ಸುತ್ತು ಬೇಡ. ಎರ್ನಾಕುಲಂನಿಂದ ನಿಜಾಮುದ್ದೀನ್‌ಗೆ ಓಡುವ ಮಂಗಳಾ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್ ಮತ್ತು ಉಡುಪಿಯಲ್ಲಿ ನಿಂತು, ಪನ್ವೇಲ್, ಕಲ್ಯಾಣ್ ದಾಟಿ ನೇರವಾಗಿ ನಾಸಿಕ್ ರೋಡ್ ನಿಲ್ದಾಣ ಮುಟ್ಟಿಸುತ್ತದೆ. ರಾತ್ರಿ ಹತ್ತಿದರೆ ಮರುದಿನ ಸಂಜೆಯ ಹೊತ್ತಿಗೆ ಊರು. ಒಂದೇ ಎಚ್ಚರಿಕೆ: ಈ ರೈಲು ಉಡುಪಿಗೆ ಬರುವುದು ಮಧ್ಯರಾತ್ರಿಯ ಆಸುಪಾಸಿನಲ್ಲಿ. ಟಿಕೆಟ್ ಮಾಡುವಾಗ ಯಾವ ತಾರೀಕಿನ ರಾತ್ರಿ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಕಸಾರಾ ಘಾಟಿ ಹತ್ತುವಾಗ ಬೆಳಕು ಉಳಿದಿದ್ದರೆ ಕಿಟಕಿ ಬಿಡಬೇಡಿ. ಮೆಟ್ಟಿಲು ಕಡಿದಂತೆ ಪದರಪದರವಾಗಿ ನಿಂತ ಗುಡ್ಡಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮತ್ತೆ ಮತ್ತೆ ಉಕ್ಕಿ ಹರಿದ ಲಾವಾ. ಅದು ತಣಿದು ಬಸಾಲ್ಟ್ ಕಲ್ಲಾಯಿತು. ದಖ್ಖನ್ನಿನ ಕಪ್ಪು ಮಣ್ಣು ಈ ಕಲ್ಲು ಸವೆದು ಹುಟ್ಟಿದ್ದು. ಜ್ವಾಲಾಮುಖಿಯ ಕಲ್ಲು ಮುಟ್ಟಲು ಉಡುಪಿಯವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಬಿಡಿ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾದಿಂದಲೇ ಆದವು, ಅದೂ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ನಾಸಿಕ್‌ನ ಕಲ್ಲಿಗಿಂತ ಹಳೆಯವು. ದ್ರಾಕ್ಷಿ ಮಾತ್ರ ಅಲ್ಲಿ ಬೆಳೆಯುವುದಿಲ್ಲ.

ವೈನರಿಗಳಲ್ಲಿ ತೋಟ ತೋರಿಸುವವರು ‘ಜ್ವಾಲಾಮುಖಿ ಮಣ್ಣಿನ ರುಚಿ’ ಎಂದು ಹೇಳುವುದುಂಟು. ಅದನ್ನು ಅರ್ಧಕ್ಕಿಂತ ಹೆಚ್ಚು ನಂಬಬೇಡಿ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಕಳಿಸುವುದಿಲ್ಲ. ಮಣ್ಣಿನ ನಿಜವಾದ ಕೆಲಸ ನೀರಿನ ಲೆಕ್ಕಾಚಾರ. ಆಳವಾದ ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಉಸಿರುಗಟ್ಟಿಸುತ್ತದೆ. ಅಲ್ಲಿಯವರು ಮುರುಮ್ ಎನ್ನುವ, ಅರ್ಧ ಸವೆದ ಬಸಾಲ್ಟ್ ಪುಡಿಗಲ್ಲಿನ ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಮಳೆ ನಿಂತ ಮೇಲೆ ಹನಿ ನೀರಾವರಿಯಿಂದ ಅಳೆದು ಅಳೆದು ಕೊಟ್ಟಷ್ಟೇ ಬಳ್ಳಿಗೆ ನೀರು. ಹಾಗಾದಾಗ ಹಣ್ಣು ಸಣ್ಣದಾಗಿ, ಸಿಪ್ಪೆಯ ಪಾಲು ಹೆಚ್ಚಾಗುತ್ತದೆ. ಕೆಂಪು ವೈನ್‌ನ ಬಣ್ಣ ಮತ್ತು ಒಗರು ಬರುವುದು ಆ ಸಿಪ್ಪೆಯಿಂದ.

ಯುರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್ ಸುಮಾರಿಗೆ. ನಾಸಿಕ್‌ನಲ್ಲಿ ಜನವರಿಯಿಂದ ಮಾರ್ಚ್. ಇಲ್ಲಿನ ಬಳ್ಳಿಗೆ ಹಿಮದ ನಿದ್ದೆಯಿಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ರೆಂಬೆ ಕತ್ತರಿಸಿ ಸವರುತ್ತಾರೆ. ನಮ್ಮ ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವ ಕೆಲಸ ಇದೇ. ಏಪ್ರಿಲ್‌ನದ್ದು ರೆಂಬೆಗಾಗಿ, ಮಳೆಗಾಲ ಮುಗಿಯುವಾಗಿನದ್ದು ಹಣ್ಣಿಗಾಗಿ. ಆದ್ದರಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯ ತಿಂಗಳು: ಗೊಂಚಲು ಬಳ್ಳಿಯಲ್ಲೂ ಇರುತ್ತದೆ, ವೈನರಿಯ ಒಳಗೂ ಕೆಲಸ ನಡೆದಿರುತ್ತದೆ. ಮಳೆಗಾಲದಲ್ಲಿ ಗುಡ್ಡಗಳು ಹಸುರಾಗಿ ಚೆಂದ ಕಾಣುತ್ತವೆ. ಆದರೆ ಬಳ್ಳಿಯಲ್ಲಿ ಎಲೆ ಬಿಟ್ಟು ನೋಡಲು ಏನೂ ಇಲ್ಲ, ಕೊಂಕಣ ರೈಲ್ವೆಯ ವೇಳಾಪಟ್ಟಿಯೂ ಬೇರೆ. ಚಳಿಗೆ ಒಂದು ಸ್ವೆಟರ್ ಇರಲಿ. ಕರಾವಳಿಯವರ ಕಪಾಟಿನಲ್ಲಿ ಅದು ಇರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ವೈನರಿಗಳು ಒಂದೇ ಕಡೆ ಇಲ್ಲ. ಸುಲಾ, ಯಾರ್ಕ್, ಸೋಮಾ ಮೂರೂ ಗಂಗಾಪುರ ಅಣೆಕಟ್ಟಿನ ದಿಕ್ಕಿನಲ್ಲಿ ಹತ್ತಿರ ಹತ್ತಿರ ಇವೆ, ಗ್ರೋವರ್ ಝಂಪಾ ಮತ್ತು ವಲೋನೆ ಇಗತ್‌ಪುರಿಯ ಕಡೆ, ಶಾಂದೋನ್ ದಿಂಡೋರಿಯಲ್ಲಿ. ಒಂದು ದಿನಕ್ಕೆ ಒಂದೇ ದಿಕ್ಕು ಹಿಡಿಯಿರಿ. ನಾಸಿಕ್ ರೋಡ್ ನಿಲ್ದಾಣ ಊರಿನಿಂದ ದೂರ, ತೋಟಗಳು ಊರಿನ ಇನ್ನೊಂದು ಮಗ್ಗುಲಲ್ಲಿ. ಆದ್ದರಿಂದ ದಿನದ ಬಾಡಿಗೆಗೆ ಚಾಲಕನಿರುವ ಕಾರು ಗೊತ್ತುಮಾಡಿ. ಸವಿದ ಮೇಲೆ ಸ್ಟಿಯರಿಂಗ್ ಹಿಡಿಯುವ ಪ್ರಶ್ನೆಯೇ ಇಲ್ಲ.

2000ದಲ್ಲಿ ಮೊದಲ ವೈನ್ ಹೊರತಂದ ಸುಲಾ ಈ ಊರನ್ನು ಪ್ರವಾಸದ ನಕ್ಷೆಗೆ ತಂದದ್ದು ನಿಜ. ಶನಿವಾರ, ಭಾನುವಾರ ಮುಂಬೈ, ಪುಣೆಯ ಜನ ಅಲ್ಲಿ ಕಿಕ್ಕಿರಿಯುತ್ತಾರೆ, ಕೋಣೆಯ ಬಾಡಿಗೆಯೂ ಏರುತ್ತದೆ. ಮಂಗಳವಾರವೋ ಬುಧವಾರವೋ ಹೋದರೆ ತೋರಿಸುವವರಿಗೆ ಮಾತನಾಡಲು ಪುರುಸೊತ್ತು ಇರುತ್ತದೆ. ಕಾಲಲ್ಲಿ ದ್ರಾಕ್ಷಿ ತುಳಿಯುವುದು ಫೋಟೋಕ್ಕಷ್ಟೇ. ಆ ಹಣವನ್ನು ಒಂದೆರಡು ಒಳ್ಳೆಯ ರಿಸರ್ವ್, ಅಂದರೆ ವೈನರಿಯವರು ಮೇಲ್ದರ್ಜೆಯದೆಂದು ಆಯ್ದಿಟ್ಟ ವೈನ್ ಸವಿಯಲು ಉಳಿಸಿಕೊಳ್ಳಿ. ಜನವರಿ 26 ಮತ್ತು 30ರಂದು ಮಹಾರಾಷ್ಟ್ರದಲ್ಲಿ ಮದ್ಯ ಮಾರಾಟ ಬಂದ್, ಆ ದಿನಗಳನ್ನು ತಪ್ಪಿಸಿ. ವಯಸ್ಸಿನ ದಾಖಲೆ ಜೇಬಿನಲ್ಲಿರಲಿ.

ಈಗ ಕೆಂಪು ವೈನ್ ವಿಚಾರ. ಮಂಗಳೂರಿನ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಸಿಹಿ ದ್ರಾಕ್ಷಿ ವೈನ್ ನಾಲಿಗೆಯಲ್ಲಿದ್ದರೆ, ನಾಸಿಕ್‌ನ ಶಿರಾಜ್ ಅಥವಾ ಕ್ಯಾಬರ್ನೆ ಸೋವಿನ್ಯೋನ್ ತಳಿಯ ದ್ರಾಕ್ಷಿಯ ವೈನ್ ಮೊದಲ ಗುಟುಕಿಗೆ ಬೆಚ್ಚಿಬೀಳಿಸುತ್ತದೆ. ಸಿಹಿ ಇಲ್ಲವೇ ಇಲ್ಲ. ಎಳೆ ಅಡಿಕೆ ಅಗಿದ ಹಾಗೆ ಒಸಡು ಬಿಗಿಯುತ್ತದೆ. ಬಿಸಿಲಿನ ನಾಡಿನ ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಅದೆಲ್ಲ ಮದ್ಯಸಾರವಾಗುವುದರಿಂದ ಗಂಟಲಲ್ಲಿ ಬಿಸಿಯೂ ಜಾಸ್ತಿ. ಎರಡನೆಯ ಗುಟುಕಿಗೆ ಕಾಯಿರಿ. ಶಿರಾಜ್‌ನಲ್ಲಿ ಕಾಳುಮೆಣಸಿನ ವಾಸನೆ ಸಿಕ್ಕಿತೆಂದರೆ ನಿಮಗೆ ದಾರಿ ಸಿಕ್ಕಿತು. ನನಗೆ ಹಿಡಿಸಿದ್ದು ಅದೇ. ಬಾಟಲಿಯ ಬೆಲೆ ನೋಡಿ ಮೆಚ್ಚುವುದು ಬೇಡ. ಮರದ ಪೀಪಾಯಿಯ ವಾಸನೆ ಹಣ್ಣನ್ನು ನುಂಗಿಹಾಕಿದ ದುಬಾರಿ ವೈನ್‌ಗಳೂ ಅಲ್ಲಿವೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಚಳಿ ದೇಶದ ಕೋಣೆಯದ್ದು. ನಮ್ಮ 32 ಡಿಗ್ರಿಯ ಮನೆಯಲ್ಲಿ ಅದು ಬರೀ ಮದ್ಯಸಾರದ ಘಾಟು. ಫ್ರಿಜ್ಜಿನಲ್ಲಿ ಒಂದೂವರೆ, ಎರಡು ಗಂಟೆ ಇಟ್ಟು 16ರಿಂದ 18 ಡಿಗ್ರಿಗೆ ಇಳಿಸಿ. ಕುಂದಾಪುರದ ಘೀ ರೋಸ್ಟ್ ಜೊತೆ ಮಾತ್ರ ಬೇಡ: ಒಣಮೆಣಸಿನ ಖಾರ ಒಗರನ್ನೂ ಬಿಸಿಯನ್ನೂ ದುಪ್ಪಟ್ಟು ಮಾಡುತ್ತದೆ. ಕಾಳುಮೆಣಸು ಹಾಕಿದ ಸುಕ್ಕ ಸರಿಹೋಗುತ್ತದೆ, ಸಸ್ಯಾಹಾರಿಗಳಿಗೆ ಹುರಿದ ಅಣಬೆ.

ಹಿರಿಯರು ಜೊತೆಗಿದ್ದರೆ ಒಂದು ದಿನ ತ್ರ್ಯಂಬಕೇಶ್ವರ, ಪಂಚವಟಿಗೆ ಕೊಡಿ. ವೈನರಿಯ ದಿನ ಅವರು ವಿಶ್ರಾಂತಿ ಪಡೆಯಲಿ. ದಾರಿಯಲ್ಲಿ ಸಿಗುವ ಅಂಜನೇರಿ ಬೆಟ್ಟವೇ ಹನುಮಂತನ ಜನ್ಮಸ್ಥಳ ಎಂದು ಅಲ್ಲಿನವರು ಹೇಳುತ್ತಾರೆ. ನಮ್ಮ ಆನೆಗೊಂದಿಯ ಅಂಜನಾದ್ರಿಯ ಹೆಸರು ಎತ್ತಿದರೆ ದರ್ಶನಕ್ಕೆ ತಡವಾಗುತ್ತದೆ. ಪಾಂಡವಲೇಣಿ ಗುಹೆಗಳನ್ನು ಬಿಡಬೇಡಿ: ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧರು ಇದೇ ಬಸಾಲ್ಟನ್ನು ಕೊರೆದು ಮಾಡಿದವು.

ಬಾಟಲಿ ತರುವವರು ಬಿಲ್ ಇಟ್ಟುಕೊಳ್ಳಿ. ಗಡಿ ದಾಟಿಸುವ ಮದ್ಯಕ್ಕೆ ಅಬಕಾರಿ ನಿಯಮವಿದೆ, ಹೊರಡುವ ಮೊದಲೇ ವಿಚಾರಿಸಿ. ಸ್ಲೀಪರ್ ಬೋಗಿಯ ಸೆಕೆಗೆ ವೈನ್ ಕೆಡುತ್ತದೆ, ವಾಪಸಿಗಾದರೂ ಎಸಿ ಟಿಕೆಟ್ ಮಾಡಿ. 2027ರಲ್ಲಿ ಹೋಗುವ ಯೋಚನೆಯಿದ್ದರೆ ನೆನಪಿಡಿ, ಅದು ನಾಸಿಕ್‌ನ ಸಿಂಹಸ್ಥ ಕುಂಭಮೇಳದ ವರ್ಷ. ಕೋಣೆ ಮತ್ತು ರೈಲು ಎರಡನ್ನೂ ತಿಂಗಳುಗಳ ಮೊದಲೇ ಕಾದಿರಿಸಿ.