‘ವರ್ಷದ ದಾಖಲೆ’ ಮತ್ತು ನಾನು ಅಂಟಿಸಿದ 600 ಚೀಟಿ

ಮೈಸೂರಿನ ಒಂದು ಕೋಚಿಂಗ್ ಸೆಂಟರ್‌ನಲ್ಲಿ ನನ್ನ ಕೆಲಸ. ಎಸ್‌ಡಿಎ, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ತಿಂಗಳಿಗೊಂದು ಪ್ರಚಲಿತ ಘಟನೆಗಳ ಪುಸ್ತಕ ಮಾಡಿಕೊಡುತ್ತೇನೆ. 64 ಪುಟ. ಯಾರು ಯಾವ ಹುದ್ದೆಗೆ ಬಂದರು, ಯಾವ ಕಪ್ ಯಾರಿಗೆ ಹೋಯಿತು, ಯಾವ ಪ್ರಶಸ್ತಿ ಯಾರಿಗೆ ಸಿಕ್ಕಿತು. ಪ್ರಶಸ್ತಿಯ ಪುಟ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. ಎಡಗಡೆ ವಿಭಾಗ, ಬಲಗಡೆ ಹೆಸರು, ನಡುವೆ ಒಂದು ಗೆರೆ. ಅಷ್ಟೇ ಅಲ್ವಾ?

2025ರ ಫೆಬ್ರವರಿ ಸಂಚಿಕೆ. ಕೇಂದ್ರ ಬಜೆಟ್ ಒಂದೇ ನನ್ನ ಹದಿನೈದು ದಿನ ತಿಂದಿತ್ತು. ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ಪುಟ ಉಳಿದದ್ದು ಕೊನೇ ದಿನಕ್ಕೆ. ಮಂಡಿ ಮೊಹಲ್ಲಾದ ಪ್ರೆಸ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಆ ಸಲದ್ದು 67ನೇ ಗ್ರ್ಯಾಮಿ, ಲಾಸ್ ಏಂಜಲೀಸ್‌ನಲ್ಲಿ ಫೆಬ್ರವರಿ 2ರ ಭಾನುವಾರ ನಡೆದಿತ್ತು. ಒಟ್ಟು 94 ವಿಭಾಗ. ಟಿವಿಯಲ್ಲಿ ತೋರಿಸುವುದು ಸ್ವಲ್ಪ ಮಾತ್ರ. ಉಳಿದದ್ದನ್ನೆಲ್ಲ ಅಲ್ಲಿನ ಮಧ್ಯಾಹ್ನವೇ ಹಂಚಿ ಮುಗಿಸುತ್ತಾರೆ, ಅಂದರೆ ನಾವು ಇಲ್ಲಿ ಗೊರಕೆ ಹೊಡೆಯುವ ಹೊತ್ತಲ್ಲಿ. ನಮ್ಮವರ ಹೆಸರು ಬರುವುದು ಜಾಸ್ತಿ ಆ ಹೊತ್ತಲ್ಲೇ.

ಇಂಗ್ಲಿಷ್ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಕನ್ನಡ ಮಾಡುತ್ತಾ ಹೋದೆ. ಅಮೆರಿಕದ ಗಾಯಕಿ ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ ವರ್ಷದ ಆಲ್ಬಂ ಆಗಿತ್ತು. ಅದೇ ಆಲ್ಬಂಗೆ ಕಂಟ್ರಿ ವಿಭಾಗದ್ದೂ ಬಂದಿತ್ತು. ಅದನ್ನು ‘ಅತ್ಯುತ್ತಮ ದೇಶ ಆಲ್ಬಂ’ ಅಂತ ಬರೆದೆ. ಡಿಟಿಪಿ ಮಾಡುವ ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿ ತಿರುಗಿ ನೋಡಿದರು. “ಇದೇನ್ ಸಾರ್, ದೇಶಭಕ್ತಿ ಗೀತೆನಾ?” ಅಂದರು. ನಗು ಬಂತು, ತಿದ್ದಿದೆ. ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನಿಂದ ಬಂದ ಹಾಡಿನ ಬಗೆ, ಗಿಟಾರು, ಬ್ಯಾಂಜೊ, ಪಿಟೀಲು ಇಟ್ಟುಕೊಂಡು ಹಾಡುವಂಥದ್ದು. ಆ ವಿಭಾಗ ಗೆದ್ದ ಮೊದಲ ಕಪ್ಪು ಕಲಾವಿದೆ ಬಿಯಾನ್ಸೆ. ಪರೀಕ್ಷೆಗೆ ಕೇಳಬಹುದಾದ ಮಾತು ಅದು. ನಾನು ‘ದೇಶ’ ಅಂತ ಬರೆದು ಅದರ ಕತ್ತು ಹಿಸುಕುತ್ತಿದ್ದೆ.

ಅಲ್ಲಿಗಾದರೂ ಎಚ್ಚರ ಆಗಬೇಕಿತ್ತು, ಆಗಲಿಲ್ಲ. ಎರಡು ಸಾಲು ಕೆಳಗೆ ‘ರೆಕಾರ್ಡ್ ಆಫ್ ದಿ ಇಯರ್’ ಇತ್ತು. ರೆಕಾರ್ಡ್ ಅಂದರೆ ದಾಖಲೆ, ಯಾರಿಗೆ ಗೊತ್ತಿಲ್ಲ? ‘ವರ್ಷದ ದಾಖಲೆ: ನಾಟ್ ಲೈಕ್ ಅಸ್, ಕೆಂಡ್ರಿಕ್ ಲಾಮಾರ್’ ಅಂತ ಬರೆದು ಕಳಿಸಿದೆ. ಮೊದಲನೆಯದು ಹಾಡಿನ ಹೆಸರು, ಎರಡನೆಯದು ಅದನ್ನು ಹಾಡಿದ ಅಮೆರಿಕದ ರ್ಯಾಪ್ ಗಾಯಕರದ್ದು. ಅಕ್ಕನಿಗೂ ಅದು ಸರಿಯಾಗೇ ಕಂಡಿತ್ತು. 600 ಪ್ರತಿ ಅಚ್ಚಾಯಿತು.

ಪುಸ್ತಕ ಹಂಚಿದ ಮಾರನೇ ದಿನ, ದಿನಾ ಪಾಂಡವಪುರದಿಂದ ರೈಲಿನಲ್ಲಿ ಬರುವ ಹುಡುಗನೊಬ್ಬ ಎದ್ದು ನಿಂತ. “ಸಾ, ಈ ಕೆಂಡ್ರಿಕ್ ಅನ್ನೋರು ಏನ್ ದಾಖ್ಲೆ ಮಾಡವ್ರೆ?”

ಬಾಯಿಗೆ ಬಂದದ್ದು ಹೇಳಿಬಿಡಬಹುದಿತ್ತು. ಒಂದೇ ರಾತ್ರಿ ಅವರಿಗೆ ಐದು ಗ್ರ್ಯಾಮಿ ಬಂದಿತ್ತು, ಅದನ್ನೇ ದಾಖಲೆ ಅಂದಿದ್ದರೂ ಕ್ಲಾಸು ಬರೆದುಕೊಳ್ಳುತ್ತಿತ್ತು. ಆದರೆ ಅವನೇ ಇನ್ನೊಂದು ಕೇಳಿದ. “ಪಕ್ಕದಲ್ಲಿ ವರ್ಷದ ಹಾಡು ಅಂತ ಐತಲ್ಲ ಸಾ, ಅದೂ ಅದೇ ಹಾಡೇ. ಒಂದೇ ಹಾಡಿಗೆ ಎರಡು ಯಾಕೆ?” ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಮೇಷ್ಟ್ರ ಕೆಲಸದಲ್ಲಿ ನಾಳೆ ಹೇಳ್ತೀನಿ ಅನ್ನುವಾಗ ಕಿವಿ ಬಿಸಿಯಾಗುತ್ತದೆ.

ಅವತ್ತು ರಾತ್ರಿ ಕೂತು ಓದಿದೆ. ಇಲ್ಲಿ ರೆಕಾರ್ಡ್ ಅಂದರೆ ನಮ್ಮಜ್ಜ ‘ಪ್ಲೇಟು’ ಅನ್ನುತ್ತಿದ್ದರಲ್ಲ, ಅದು. ಗ್ರಾಮಫೋನ್ ಪ್ಲೇಟು. ಗ್ರ್ಯಾಮಿ ಅನ್ನುವ ಹೆಸರೇ ಗ್ರಾಮಫೋನ್‌ನಿಂದ ಬಂದದ್ದು, ಕೊಡುವ ಬಹುಮಾನವೂ ಒಂದು ಪುಟ್ಟ ಗ್ರಾಮಫೋನ್ ಬೊಂಬೆ. 1959ರಿಂದ ಕೊಡುತ್ತಿದ್ದಾರೆ. ವರ್ಷದ ರೆಕಾರ್ಡ್ ಅಂದರೆ ಆ ಧ್ವನಿಮುದ್ರಣಕ್ಕೆ ಕೊಡುವ ಬಹುಮಾನ. ಹಾಡಿದವರ ಜೊತೆ ಪ್ರೊಡ್ಯೂಸರ್‌ಗೂ ಸೌಂಡ್ ಇಂಜಿನಿಯರ್‌ಗೂ ಪಾಲುಂಟು. ವರ್ಷದ ಹಾಡು ಅಂದರೆ ಬರೆದವರಿಗೆ, ಸಾಹಿತ್ಯ ಮತ್ತು ರಾಗ ಕಟ್ಟಿದವರಿಗೆ. ಕೆಂಡ್ರಿಕ್ ತಾವೇ ಬರೆದು ತಾವೇ ಹೇಳಿದ್ದರಿಂದ ಎರಡೂ ಕಡೆ ಅವರ ಹೆಸರಿದೆ. ನಮ್ಮ ಭಾವಗೀತೆಗಳನ್ನು ನೆನಪು ಮಾಡಿಕೊಳ್ಳಿ. ಬರೆದ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಬಹುಮಾನ ಯಾರ ಮನೆಗೆ ಹೋಗಬೇಕು ಅಂತ ಕೇಳಿದರೆ ನಾವೂ ತಲೆ ಕೆರೆದುಕೊಳ್ಳುತ್ತೇವೆ.

ಆಮೇಲೆ ನನ್ನ ಹಳೇ ಪುಸ್ತಕಗಳನ್ನೂ ತೆಗೆದು ನೋಡಿದೆ. 2010ರಲ್ಲಿ ‘ಜೈ ಹೋ’ ಹಾಡಿಗೆ ಬಂದ ಗ್ರ್ಯಾಮಿ ಹಾಡು ಬರೆದವರ ವಿಭಾಗದ್ದು. ರೆಹಮಾನ್, ಗುಲ್ಜಾರ್, ತನ್ವಿ ಶಾ, ಮೂವರಿಗೆ ಬಂತು. ಇಡೀ ದೇಶದ ಕಿವಿಯಲ್ಲಿ ಕೂತ ಸುಖ್ವಿಂದರ್ ಸಿಂಗ್ ದನಿಗೆ ಅದರಲ್ಲಿ ಪಾಲಿಲ್ಲ. ನಾನು ಮಾತ್ರ ವರ್ಷಗಟ್ಟಲೆ ‘ಗಾಯನಕ್ಕೆ’ ಅಂತ ಪಾಠ ಮಾಡಿದ್ದೇನೆ. ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ.

ಅದೇ 2025ರ ಪುಟದಲ್ಲಿ ಇನ್ನೂ ಒಂದು ಸಿಕ್ಕಿತು. ‘ತ್ರಿವೇಣಿ’ ಆಲ್ಬಂಗೆ ಗ್ರ್ಯಾಮಿ ಪಡೆದ ಚಂದ್ರಿಕಾ ಟಂಡನ್ ಅವರನ್ನು ‘ಭಾರತೀಯ ಗಾಯಕಿ’ ಅಂತ ಬರೆದಿದ್ದೆ. ಅವರು ಚೆನ್ನೈ ಮೂಲದ ಅಮೆರಿಕನ್ ಉದ್ಯಮಿ, ಪೆಪ್ಸಿಕೊ ಕಂಪನಿಯ ಮುಖ್ಯಸ್ಥೆಯಾಗಿದ್ದ ಇಂದ್ರಾ ನೂಯಿ ಅವರ ಅಕ್ಕ. ಜೊತೆಗೆ ಗೆದ್ದವರು ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲ್ಲರ್‌ಮನ್ ಮತ್ತು ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವ ಎರು ಮತ್ಸುಮೊಟೊ. ಕೆಲ್ಲರ್‌ಮನ್ ಹೊಸಬರಲ್ಲ. 2015ರಲ್ಲಿ ಬೆಂಗಳೂರಿನ ರಿಕಿ ಕೇಜ್ ಮೊದಲ ಗ್ರ್ಯಾಮಿ ಗೆದ್ದಾಗಲೂ ಜೊತೆಗಿದ್ದವರು ಇವರೇ. ತಮಾಷೆ ಅಂದರೆ 2025ರಲ್ಲಿ ರಿಕಿ ಕೇಜ್ ಕೂಡ ಅದೇ ವಿಭಾಗದಲ್ಲಿ ನಾಮನಿರ್ದೇಶನಗೊಂಡಿದ್ದರು. ಇಂಥ ಕೊಂಡಿ ಸಿಕ್ಕರೆ ಹುಡುಗರು ಮರೆಯುವುದಿಲ್ಲ. ನಾನು ಕೊಟ್ಟದ್ದು ಒಂದು ಗೆರೆ, ಎರಡು ಹೆಸರು.

ಬೆಳಗ್ಗೆ ನಮ್ಮ ಸಂಸ್ಥೆಯ ಸಾರ್‌ಗೆ ಹೇಳಿದೆ. ಬೈಯಲಿಲ್ಲ. “ತಿದ್ದುಪಡಿ ಚೀಟಿ ಹಾಕಿ, ದುಡ್ಡು ಜಾಸ್ತಿ ಆಗಬಾರದು,” ಅಂದರು ಅಷ್ಟೇ. ಒಂದು ಎ-4 ಹಾಳೆಗೆ ಎಂಟು ಚೀಟಿ ಬರುವ ಹಾಗೆ ಜೆರಾಕ್ಸ್ ಮಾಡಿಸಿ, ಕತ್ತರಿಸಿ, ಗೋಂದು ಹಚ್ಚಿ ಎರಡು ಸಂಜೆ ಕೂತು ಅಂಟಿಸಿದೆ. ಅಕ್ಕನೂ ಕೈಜೋಡಿಸಿದರು, ತಪ್ಪು ಅವರದ್ದಲ್ಲದಿದ್ದರೂ.

ಆಮೇಲಿಂದ ನನ್ನ ಪ್ರಶಸ್ತಿ ಪಟ್ಟಿಗೆ ಮೂರನೇ ಅಂಕಣ ಬಂದಿದೆ: ‘ಯಾವುದಕ್ಕೆ?’ ಅದನ್ನು ನನ್ನ ಸ್ವಂತ ಕನ್ನಡದಲ್ಲಿ ಒಂದು ಸಾಲು ಬರೆಯಲು ಆಗದಿದ್ದರೆ ಹೆಸರು ಹಾಕುವುದಿಲ್ಲ. ಪುಟ ಖಾಲಿ ಬಿಟ್ಟರೂ ಪರವಾಗಿಲ್ಲ. ಇದರಿಂದ ಕೆಲಸ ನಿಧಾನ ಆಗಿದೆ, ಸುಳ್ಳು ಹೇಳುವುದಿಲ್ಲ. ಸಾಹಿತ್ಯದ ಪ್ರಶಸ್ತಿಗಳಲ್ಲೂ ಇದೇ ಪಾಡು. ಕೆಲವು ಪುಸ್ತಕಕ್ಕೆ, ಕೆಲವು ಇಡೀ ಬದುಕಿಗೆ.

ಚೀಟಿ ಅಂಟಿಸಿದ ವಾರ ಕ್ಲಾಸಿನಲ್ಲಿ ಪ್ಲೇಟಿನ ಕಥೆ ಹೇಳಿದೆ. ರಷ್ಯಾದ ಮೆಟ್ನರ್ ಅನ್ನುವ ಸಂಗೀತಗಾರರು ಲಂಡನ್ನಿನಲ್ಲಿದ್ದಾಗ ಅವರ ಪ್ಲೇಟುಗಳಿಗೆ ದುಡ್ಡು ಕೊಟ್ಟದ್ದು ನಮ್ಮ ಜಯಚಾಮರಾಜ ಒಡೆಯರ್. ಗ್ರ್ಯಾಮಿ ಇನ್ನೂ ಹುಟ್ಟಿರದ ಕಾಲ. ಇಷ್ಟು ಕೇಳಿದ್ದೇ ಹಿಂದಿನ ಬೆಂಚಿನವರೂ ಪೆನ್ನು ತೆಗೆದರು.

ಪಾಂಡವಪುರದ ಹುಡುಗ ಮಾತ್ರ ಬೇರೆ ಯೋಚನೆಯಲ್ಲಿದ್ದ. ಕ್ಲಾಸ್ ಮುಗಿದ ಮೇಲೆ ಬಂದ. “ಸಾ, ನಮ್ಮಾವ ಮದ್ವೆಲಿ ಡೋಲು ಬಾರಿಸ್ತಾರೆ. ಬಾರ್ಸೋರಿಗೆಲ್ಲ ಕೊಡ್ತಾರಾ ಇದ?”

2024ರ ಪುಟ ತೆಗೆದು ತೋರಿಸಿದೆ. ಆ ವರ್ಷ ತಬಲದ ಜಾಕಿರ್ ಹುಸೇನ್ ಅವರಿಗೆ ಒಂದೇ ದಿನ ಮೂರು ಬಂದಿತ್ತು. ಅದರಲ್ಲೊಂದು ‘ಶಕ್ತಿ’ ಅನ್ನುವ ಸಂಗೀತ ತಂಡದ ಆಲ್ಬಂಗೆ, ಅದರಲ್ಲಿ ಖಂಜಿರದ ಸೆಲ್ವಗಣೇಶ್ ಕೂಡ ಇದ್ದರು. ಅವರ ಅಪ್ಪ ವಿಕ್ಕು ವಿನಾಯಕರಾಮ್, 1992ರಲ್ಲಿ ಗ್ರ್ಯಾಮಿ ಗೆದ್ದ ‘ಪ್ಲಾನೆಟ್ ಡ್ರಮ್’ ಆಲ್ಬಂನಲ್ಲಿ ಘಟ ನುಡಿಸಿದವರು.

“ಘಟ ಅಂದ್ರೆ?”

“ಮಡಕೆ ಕಣೋ.”

“ಮಡ್ಕೆಗಾ ಸಾ?” ಅಂದ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಏನೋ ಗೀಚಿಕೊಂಡು, ಐದೂವರೆ ರೈಲು ತಪ್ಪುತ್ತೆ ಅಂತ ಓಡಿದ.