ಆರದ ಆಯಿಲ್ ದೀಪ

ನಿನ್ನೆ ಸಂಜೆ ಕೀ ತಿರುಗಿಸಿದಾಗ ಕಾರಿನ ಆಯಿಲ್ ದೀಪ ಹತ್ತಿತು, ಅದು ಮಾಮೂಲಿ, ಆದರೆ ಎಂಜಿನ್ ಶುರುವಾಗಿ ಒಂದೆರಡು ಸೆಕೆಂಡಿಗೆ ಆರಬೇಕಾದದ್ದು ಆರಲೇ ಇಲ್ಲ. ತಕ್ಷಣ ಆಫ್ ಮಾಡಿದೆ. ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ನೋಡಿದರೆ ಆಯಿಲ್ ಎರಡು ಗುರುತುಗಳ ಮಧ್ಯೆ ಸರಿಯಾಗೇ ಇತ್ತು.

"ಆಯಿಲ್ ಇದೆಯಲ್ಲ, ಓಡಿಸ್ಕೊಂಡು ಹೋಗಿ" ಅಂದರು ಪಕ್ಕದಲ್ಲಿದ್ದವರು. ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಎಣ್ಣೆ ಕ್ಯಾನಿನ ಚಿತ್ರದ ಆ ಕೆಂಪು ದೀಪ ಸಾಮಾನ್ಯವಾಗಿ ಹೇಳುವುದು ಆಯಿಲ್ ಎಷ್ಟಿದೆ ಅಂತಲ್ಲ, ಅದರ ಒತ್ತಡ ಸಾಲದು ಅಂತ. ಆಯಿಲ್ ಪೂರ್ತಿ ಇದ್ದರೂ ಪಂಪ್ ಕೆಟ್ಟಿದ್ದರೆ, ಅಥವಾ ಅದು ಎಳೆಯುವ ಜಾಲರಿ ಕಟ್ಟಿಕೊಂಡಿದ್ದರೆ, ಬೇರಿಂಗ್‌ಗಳಿಗೆ ಸರಿಯಾಗಿ ತಲುಪುವುದಿಲ್ಲ, ಲೋಹಕ್ಕೆ ಲೋಹ ಉಜ್ಜಿ ಕೆಲವೇ ನಿಮಿಷದಲ್ಲಿ ಎಂಜಿನ್ ಹೋಗಬಹುದು.

ಟೋ ಮಾಡಿಸಿದೆ. ಒತ್ತಡ ಕಡಿಮೆಯಾದಾಗ ಆ ದೀಪ ಹತ್ತಿಸುವ ಪ್ರೆಶರ್ ಸ್ವಿಚ್ಚನ್ನು ಮೆಕ್ಯಾನಿಕ್ ಬಿಚ್ಚಿ, ಆ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿ ಎಂಜಿನ್ ಓಡಿಸಿ ನೋಡಿದರು. ಒತ್ತಡ ಚೆನ್ನಾಗಿತ್ತು. ಕೆಟ್ಟಿದ್ದು ಸ್ವಿಚ್ ಮಾತ್ರ, ಹೆಬ್ಬೆರಳಿನಷ್ಟು ಸಣ್ಣದು.

"ಹಾಗಿದ್ರೆ ಟೋ ಖರ್ಚು ದಂಡ ಅಲ್ವಾ?" ಅಂತ ಮನೆಯಲ್ಲಿ ಕೇಳಿದರು. ನನಗೆ ಹಾಗನ್ನಿಸಲಿಲ್ಲ. ಗೇಜ್ ಹಾಕುವ ತನಕ ಅದು ಸ್ವಿಚ್ಚೋ ಪಂಪೋ ಅಂತ ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಅಮ್ಮ ಎದೆ ಉರಿ ಅಂದಾಗ ಸುಮ್ನೆ ಕೂರದೆ ಇಸಿಜಿ ಮಾಡಿಸಿದ್ದೆವು, ಬರೀ ಗ್ಯಾಸ್ ಅಂತ ಗೊತ್ತಾದ ಮೇಲೆ ಯಾರೂ ದುಡ್ಡಿನ ಮಾತೆತ್ತಲಿಲ್ಲ.

ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ದೀಪ ಹತ್ತಿತು, ಆರಿತು.